ಮುಕ್ಕಾಲು ಗಂಟೆಯ ಊರು

ಅಮ್ಮ ಐದು ತಿಂಗಳು ನನ್ನಿಂದ ಮುಕ್ಕಾಲು ಗಂಟೆ ದೂರದಲ್ಲಿದ್ದಳು. ಆ ಐದು ತಿಂಗಳಲ್ಲಿ ನಾನು ಅವಳನ್ನು ನೋಡಿದ್ದು ಎರಡೇ ಸಲ. ಜಗಳ ಏನೂ ಆಗಿರಲಿಲ್ಲ. ದುಡ್ಡಿನ ತಾಪತ್ರಯವೂ ಇರಲಿಲ್ಲ. ರಜೆ ಕೇಳಿದ್ದರೆ ಸಿಗುತ್ತಿತ್ತು. ಆದರೂ ಹೀಗಾಯ್ತು. ಯಾಕೆ ಹೀಗಾಯ್ತು ಅಂತ ಆಗಾಗ ತಲೆ ಕೊರೆಯುತ್ತದೆ. ಆ 'ಮುಕ್ಕಾಲು ಗಂಟೆ' ಅನ್ನೋ ಲೆಕ್ಕದಲ್ಲೇ ಏನೋ ಎಡವಟ್ಟಿದೆ ಅನ್ನಿಸಿ ಇವತ್ತು ಬರೆಯೋಕೆ ಕೂತಿದ್ದೇನೆ.

ನಾನಿರೋದು ಆಮ್‌ಸ್ಟರ್‌ಡ್ಯಾಮ್ ಪಕ್ಕದ ಆಮ್‌ಸ್ಟೆಲ್‌ವೇನ್‌ನಲ್ಲಿ. ಅಕ್ಕ, ಭಾವ ಇರೋದು ಲಂಡನ್ನಿನ ಹ್ಯಾರೋದಲ್ಲಿ. 2023ರ ನವೆಂಬರಿನಲ್ಲಿ ಅಕ್ಕನ ಬಾಣಂತನಕ್ಕೆ ಅಂತ ಅಮ್ಮ ಮೈಸೂರಿನಿಂದ ಹೊರಟು ಬಂದಳು. ಫ್ಲೈಬಸ್ಸಿನಲ್ಲಿ ದೇವನಹಳ್ಳಿ, ಅಲ್ಲಿಂದ ನೇರ ಲಂಡನ್. ಎರಡು ಸೂಟ್‌ಕೇಸಿನಲ್ಲಿ ಅವಳ ಬಟ್ಟೆ ಇದ್ದಿದ್ದು ಕಾಲು ಭಾಗ. ಉಳಿದಿದ್ದೆಲ್ಲ ಬಾಣಂತಿ ಲೇಹ್ಯ, ಮೆಣಸು, ಓಮ, ಹಳೇ ಹತ್ತಿ ಸೀರೆ. ಬಂದು ಎರಡು ದಿನಕ್ಕೆ ಫೋನ್ ಮಾಡಿದಳು. ಅಕ್ಕನ ಮನೆಯ ಅಡುಗೆಮನೆ ಕಿಟಕಿಯಿಂದ ದೂರದಲ್ಲಿ ವಿಮಾನಗಳು ಕಾಣುತ್ತವಂತೆ. "ಒಂದರ ಹಿಂದೆ ಒಂದು ಹೋಗ್ತಾನೇ ಇರತ್ತೆ ಕಣೋ. ಇದ್ರಲ್ಲಿ ಯಾವುದಾದ್ರೂ ನಿಮ್ಮೂರಿಂದ ಬರತ್ತಾ?"

"ಬೇಕಾದಷ್ಟು ಬರತ್ತೆ."

"ಎಷ್ಟು ಹೊತ್ತಿನ ಹಾದಿ?"

"ಮುಕ್ಕಾಲು ಗಂಟೆ ಅಷ್ಟೇ ಅಮ್ಮ."

ಇದನ್ನು ಹೇಳುವಾಗ ನನ್ನ ದನಿಯಲ್ಲಿ ಸ್ವಲ್ಪ ಜಂಬ ಇತ್ತು, ಸುಳ್ಳು ಯಾಕೆ ಹೇಳಲಿ. ಯೂರೋಪಿನಲ್ಲಿ ಇರುವವರಿಗೆಲ್ಲ ಈ ಜಂಬ ಇರುತ್ತದೆ. ಪ್ಯಾರಿಸ್ ಇಷ್ಟು ಹೊತ್ತು, ರೋಮ್ ಇಷ್ಟು ಹೊತ್ತು ಅಂತ ಊರಿನ ನೆಂಟರ ಮುಂದೆ ಹೇಳಿಕೊಳ್ಳೋ ಚಟ. ಅಮ್ಮ ಅದನ್ನು ಅವಳದೇ ಲೆಕ್ಕಕ್ಕೆ ಇಳಿಸಿಕೊಂಡಳು. "ಮುಕ್ಕಾಲು ಗಂಟೆನಾ? ನಮ್ಮನೆಯಿಂದ ಚಾಮುಂಡಿಬೆಟ್ಟಕ್ಕೆ ಬಸ್ಸಲ್ಲಿ ಹೋಗಕ್ಕೂ ಅಷ್ಟಾಗತ್ತಲ್ಲೋ! ಹಾಗಾದ್ರೆ ವಾರ ವಾರ ಬಂದು ಹೋಗು."

ಆಗ ನಾನು ಸರಿಪಡಿಸಬೇಕಿತ್ತು. ಸರಿಪಡಿಸಲಿಲ್ಲ. ಹೂಂ ಅಂದೆ.

ಯಾರ ಮುಕ್ಕಾಲು ಗಂಟೆ?

ಆಮ್‌ಸ್ಟರ್‌ಡ್ಯಾಮಿನಿಂದ ಲಂಡನ್ನಿಗೆ ಹಕ್ಕಿ ಹಾರಿದ ಹಾಗೆ ಅಳೆದರೆ ಸುಮಾರು 360 ಕಿಲೋಮೀಟರ್. ಇಲ್ಲಿನ ವಿಮಾನ ನಿಲ್ದಾಣ ಸ್ಕಿಫೋಲ್‌ನಿಂದ ಲಂಡನ್ನಿನ ವಿಮಾನ ನಿಲ್ದಾಣ ಹೀಥ್ರೋಗೆ 370. ಹೀಥ್ರೋ ಇರೋದು ಊರಿನ ಪಶ್ಚಿಮಕ್ಕೆ, ನಾವು ಹೋಗೋದು ಪೂರ್ವದಿಂದ. ಹಾಗಾಗಿ ಲಂಡನ್ನನ್ನು ದಾಟಿ ಹೋಗಿ ಇಳಿಯಬೇಕು. ಕಾರಿನಲ್ಲಾದರೆ ಬೆಲ್ಜಿಯಂ ಸುತ್ತಿ, ಫ್ರಾನ್ಸಿನ ಕ್ಯಾಲೆಗೆ ಹೋಗಿ, ಸಮುದ್ರ ದಾಟಿ, ಐನೂರಕ್ಕೂ ಜಾಸ್ತಿ ಕಿಲೋಮೀಟರ್ ಆಗುತ್ತದೆ. ನಮ್ಮ ಕಡೆಯವರಿಗೆ ಅಂದಾಜು ಸಿಗಲಿ ಅಂತ ಹೇಳುವುದಾದರೆ, ಬೆಂಗಳೂರಿನಿಂದ ಮಂಗಳೂರಿಗೆ ರಸ್ತೆಯಲ್ಲಿ 350 ಕಿಲೋಮೀಟರ್ ಆಗುತ್ತದಲ್ಲ, ಅದನ್ನೇ ಗಾಳಿಯಲ್ಲಿ ಎಳೆದು ಕಟ್ಟಿದಷ್ಟು ದೂರ.

ಈಗ ಹೊತ್ತಿನ ವಿಷಯ. ಎರಡು ಊರಿನ ಹೆಸರು ಹಾಕಿ ಹುಡುಕಿದರೆ ಒಂದೊಂದು ಕಡೆ ಒಂದೊಂದು ಉತ್ತರ ಬರುತ್ತದೆ. ಕೆಲವು ಪುಟಗಳು ನೇರ ದೂರವನ್ನು ಒಂದು ಸರಾಸರಿ ವೇಗದಿಂದ ಭಾಗಿಸಿ, ಏರೋಕೆ ಇಳಿಯೋಕೆ ಅಂತ ಅರ್ಧ ಗಂಟೆ ಸೇರಿಸಿ ಕೈ ತೊಳೆದುಕೊಳ್ಳುತ್ತವೆ. ಹಾಗೆ ಮಾಡಿದರೆ ಗಂಟೆಗೆ ಎರಡು ನಿಮಿಷ ಕಡಿಮೆ ಬರುತ್ತದೆ. ವಿಮಾನದ ಕ್ಯಾಪ್ಟನ್ ಮೈಕಿನಲ್ಲಿ ಹೇಳೋದು ನಲವತ್ತೈದು ನಿಮಿಷ. ಅದು ಚಕ್ರ ನೆಲ ಬಿಟ್ಟಲ್ಲಿಂದ ಮತ್ತೆ ನೆಲ ಮುಟ್ಟುವ ತನಕ. ಟಿಕೆಟ್ಟಿನಲ್ಲಿ ಇರೋದು ಒಂದು ಗಂಟೆ ಇಪ್ಪತ್ತು ನಿಮಿಷ. ಮೂರೂ ಸುಳ್ಳಲ್ಲ. ಮೂರೂ ನನ್ನ ಪ್ರಯಾಣದ ಹೊತ್ತೂ ಅಲ್ಲ.

ಟಿಕೆಟ್ಟಿನ ಹೊತ್ತಿಗೆ ವಿಮಾನದವರು 'ಬ್ಲಾಕ್ ಟೈಮ್' ಅನ್ನುತ್ತಾರೆ. ಈ ಹೆಸರು ನನಗೆ ಬಹಳ ಇಷ್ಟ. ನಿಂತ ವಿಮಾನದ ಚಕ್ರಕ್ಕೆ ಮುಂದೆ ಹಿಂದೆ ಒಂದೊಂದು ತುಂಡು ಒತ್ತು ಕೊಟ್ಟಿರುತ್ತಾರೆ. ಶಿರಾಡಿ ಘಾಟಿಯಲ್ಲಿ ಲಾರಿ ನಿಂತರೆ ಕ್ಲೀನರ್ ಹಾರಿ ಇಳಿದು ಚಕ್ರಕ್ಕೆ ಕಲ್ಲು ಕೊಡ್ತಾನಲ್ಲ, ಥೇಟ್ ಅದೇ. ಆ ಕಲ್ಲು ತೆಗೆದಾಗ ಹೊತ್ತು ಶುರು. ಇನ್ನೊಂದು ಊರಲ್ಲಿ ಮತ್ತೆ ಕಲ್ಲು ಕೊಟ್ಟಾಗ ಹೊತ್ತು ಮುಗಿಯಿತು. ಕಲ್ಲಿನಿಂದ ಕಲ್ಲಿಗೆ ಒಂದು ಗಂಟೆ ಇಪ್ಪತ್ತು ನಿಮಿಷ. ಅದರಲ್ಲೂ ಒಂದಿಷ್ಟು ನಿಮಿಷ ಕೈಗಾವಲಿಗೆ ಅಂತ ಮೊದಲೇ ಸೇರಿಸಿ ಇಟ್ಟಿರುತ್ತಾರೆ, ಹೊರಡೋದು ತಡವಾದರೂ ತಲುಪೋದು ಸರಿಯಾಗಲಿ ಅಂತ. ಮದುವೆ ಕಾರ್ಡಿನಲ್ಲಿ ಮುಹೂರ್ತ ಹಾಕುವವರಿಗೂ ಈ ಜಾಣತನ ಗೊತ್ತಿದೆ.

ಗಮನಿಸಿ, ಈ ಎಲ್ಲ ಲೆಕ್ಕವೂ ವಿಮಾನದ್ದು. ಅದು ಎಷ್ಟು ಹೊತ್ತು ಓಡಿತು, ಎಷ್ಟು ಹೊತ್ತು ಹಾರಿತು, ಯಾವಾಗ ನಿಂತಿತು. ಅದರ ಒಳಗೆ ಕೂತವನದ್ದು ಅಲ್ಲವೇ ಅಲ್ಲ. ಸ್ಕಾಟ್ಲೆಂಡಿನ ಉತ್ತರಕ್ಕೆ ಆರ್ಕ್ನಿ ದ್ವೀಪಗಳಲ್ಲಿ ವೆಸ್ಟ್ರೇಯಿಂದ ಪಾಪಾ ವೆಸ್ಟ್ರೇಗೆ ಒಂದು ಪುಟ್ಟ ವಿಮಾನ ಓಡಾಡುತ್ತದೆ. ದೂರ 3 ಕಿಲೋಮೀಟರಿಗೂ ಕಡಿಮೆ. ವೇಳಾಪಟ್ಟಿಯಲ್ಲಿ ಎರಡು ನಿಮಿಷ. ಗಾಳಿ ಚೆನ್ನಾಗಿದ್ದರೆ ಒಂದು ನಿಮಿಷಕ್ಕೂ ಮೊದಲೇ ಇಳಿದದ್ದುಂಟು. ಆ ಎರಡು ನಿಮಿಷಕ್ಕೂ ಜನ ಮನೆ ಬಿಟ್ಟು, ಬಂದು, ಕಾದು, ಹತ್ತಬೇಕಲ್ಲ.

ಡಿಸೆಂಬರಿನ ಆ ಬೆಳಗ್ಗೆ

ಮಗು ಹುಟ್ಟಿದ ಮೂರನೇ ವಾರ ಹೋದೆ. ಟಿಕೆಟ್ಟಿನಲ್ಲಿ ಬೆಳಗ್ಗೆ ಏಳೂವರೆಗೆ ಹೊರಟು ಏಳು ಐವತ್ತಕ್ಕೆ ತಲುಪುವುದು ಅಂತ ಇತ್ತು. ಲಂಡನ್ ಗಡಿಯಾರ ಇಲ್ಲಿಗಿಂತ ಒಂದು ಗಂಟೆ ಹಿಂದೆ. ಹಾಗಾಗಿ ಹೋಗುವಾಗ ಇಪ್ಪತ್ತು ನಿಮಿಷ, ಬರುವಾಗ ಎರಡು ಗಂಟೆ ಇಪ್ಪತ್ತು ನಿಮಿಷ ಅನ್ನೋ ಹಾಗೆ ಕಾಣುತ್ತದೆ. ಅಕ್ಕನಿಗೆ ಟಿಕೆಟ್ ಕಳಿಸಿದ್ದೆ. ಅದನ್ನು ಅಮ್ಮ ನೋಡಿದಳು. ಅವಳ ಮಟ್ಟಿಗೆ ವಿಷಯ ಸ್ಪಷ್ಟ. ಏಳು ಐವತ್ತಕ್ಕೆ ಬರ್ತಾನೆ, ಎಂಟೂಕಾಲಕ್ಕೆ ಮನೇಲಿರ್ತಾನೆ, ಉಪ್ಪಿಟ್ಟಿಗೆ ಒಗ್ಗರಣೆ ಎಂಟಕ್ಕೆ ಹಾಕಿದರಾಯ್ತು.

ನಾನು ಎದ್ದಿದ್ದು ನಾಲ್ಕಕ್ಕೆ. ಮನೆ ಬಿಟ್ಟಿದ್ದು ನಾಲ್ಕೂವರೆಗೆ. ವಿಮಾನ ನಿಲ್ದಾಣ ನನ್ನ ಮನೆಗೆ ಹತ್ತಿರವೇ, ಆದರೆ ಆ ಹೊತ್ತಿಗೆ ಬಸ್ಸು ಅಪರೂಪ. ತಪಾಸಣೆ ಮುಗಿಸಿ, ಲಂಡನ್ ಷೆಂಗೆನ್ (ಒಂದೇ ವೀಸಾದಲ್ಲಿ ಓಡಾಡಬಹುದಾದ ಯೂರೋಪಿನ ದೇಶಗಳ ಗುಂಪು) ಒಳಗಿಲ್ಲದ ಕಾರಣ ಪಾಸ್‌ಪೋರ್ಟ್ ಸಾಲಿನಲ್ಲೂ ನಿಂತು, ಗೇಟಿನ ಹತ್ತಿರ ಕೂತು ತೂಕಡಿಸಿ, ಕೊನೆಗೆ ಹತ್ತಿ ಬೆಲ್ಟು ಹಾಕಿಕೊಂಡೆ. ಏಳೂವರೆ ಆಯ್ತು. ವಿಮಾನ ಅಲುಗಲಿಲ್ಲ. ಬ್ರಸೆಲ್ಸ್‌ನಿಂದ ನಮಗೆ ಸ್ಲಾಟ್, ಅಂದರೆ ಹೊರಡೋ ಸರದಿ, ಇನ್ನೂ ಇಪ್ಪತ್ತು ನಿಮಿಷಕ್ಕೆ ಕೊಟ್ಟಿದ್ದಾರೆ ಅಂದರು ಕ್ಯಾಪ್ಟನ್. ಆಮ್‌ಸ್ಟರ್‌ಡ್ಯಾಮಿನಿಂದ ಲಂಡನ್ನಿಗೆ ಹೋಗೋಕೆ ಬ್ರಸೆಲ್ಸ್ ಯಾಕೆ ಅಂತ ನಿಮಗೆ ಅನ್ನಿಸಬಹುದು. ಯೂರೋಪಿನ ಆಕಾಶದ ಸಂಚಾರವನ್ನೆಲ್ಲ ಹೊಂದಿಸುವ ಯೂರೋಕಂಟ್ರೋಲ್ ಕೂತಿರೋದು ಅಲ್ಲಿ. ಹೀಥ್ರೋದಲ್ಲಿ ಇರೋದು ಎರಡೇ ಓಡುದಾರಿ. ಅಲ್ಲಿ ಇಳಿಯೋಕೆ ಜಾಗ ಇಲ್ಲದಿದ್ದರೆ ಇಲ್ಲಿಂದ ಏಳಲೂ ಬಿಡುವುದಿಲ್ಲ. ದೂರದಿಂದ ಬರೋ ವಿಮಾನಗಳನ್ನಾದರೆ ದಾರಿಯಲ್ಲೇ ಸ್ವಲ್ಪ ನಿಧಾನ ಮಾಡಿಸಬಹುದು. ನಮ್ಮಂಥ ಮುಕ್ಕಾಲು ಗಂಟೆಯವರಿಗೆ ನಿಧಾನ ಮಾಡೋಕೂ ದಾರಿ ಸಾಲದು. ಹೊರಡೋ ಮೊದಲೇ ಕಾಯಬೇಕು. ಹತ್ತಿರದವರಿಗೇ ಇಲ್ಲಿ ಕಾಯುವ ಶಿಕ್ಷೆ ಜಾಸ್ತಿ.

ಆಮೇಲೆ ಕಲ್ಲು ತೆಗೆದರು. ವಿಮಾನ ಹೊರಟಿತು. ಹೊರಟಿತು ಅಂದರೆ ರಸ್ತೆಯಲ್ಲಿ. ಸ್ಕಿಫೋಲ್‌ನ ಆರು ಓಡುದಾರಿಗಳಲ್ಲಿ ಪೋಲ್ಡರ್‌ಬಾನ್ ಅಂತ ಒಂದಿದೆ. 2003ರಲ್ಲಿ ಶುರುವಾಯ್ತು. ಊರಿನ ಮೇಲೆ ಸದ್ದು ಬೀಳಬಾರದು ಅಂತ ಅದನ್ನು ಟರ್ಮಿನಲ್ಲಿನಿಂದ ದೂರ ಹೊಲಗಳ ನಡುವೆ ಕಟ್ಟಿದ್ದಾರೆ. ಅಲ್ಲಿಗೆ ಹೋಗೋಕೇ ಹದಿನೈದು ನಿಮಿಷ ಬೇಕು. ನಡುವೆ ಒಂದು ಹೆದ್ದಾರಿ ಬರುತ್ತದೆ, ವಿಮಾನ ಸೇತುವೆ ಮೇಲಿಂದ ಅದನ್ನು ದಾಟುತ್ತದೆ. ಕತ್ತಲಲ್ಲಿ ಕೆಳಗೆ ಕಾರುಗಳ ಕೆಂಪು ದೀಪ, ಮೇಲೆ ನಾವು ನಿಧಾನಕ್ಕೆ ಉರುಳುತ್ತಾ. ಹಿಂದಿನ ಸಾಲಿನಲ್ಲಿ ಒಂದು ಮಗು ಇಂಗ್ಲಿಷಿನಲ್ಲಿ ಅಪ್ಪನನ್ನು ಕೇಳಿತು, ಲಂಡನ್ನಿಗೆ ರಸ್ತೆಯಲ್ಲೇ ಹೋಗೋದಾ ಅಂತ. ಸುತ್ತಲಿದ್ದ ನಾಲ್ಕೈದು ಜನ ನಕ್ಕರು. ನನಗೂ ಅದೇ ಅನುಮಾನ ಇತ್ತು.

(ಇಲ್ಲೊಂದು ಸಣ್ಣ ಮಾತು. ಆ ಪೋಲ್ಡರ್‌ಬಾನ್ ಪಕ್ಕದ ಊರಿನವರಿಗೆ ವಿಮಾನದ ಗುಡುಗು ಕಾಟ ಕೊಡುತ್ತಿತ್ತು. ಆದರೆ ಹೊಲ ಉತ್ತ ಮೇಲೆ ಸದ್ದು ಕಡಿಮೆಯಾಗುತ್ತಿದ್ದದ್ದನ್ನು ಜನ ಗಮನಿಸಿದರು. ನೇಗಿಲ ಸಾಲುಗಳು ಸದ್ದನ್ನು ಒಡೆದು ಹಾಕುತ್ತಿದ್ದವು. ಅದನ್ನೇ ಹಿಡಿದು ಅಲ್ಲಿ ದೊಡ್ಡ ದೊಡ್ಡ ಮಣ್ಣಿನ ದಿಂಡುಗಳ ಒಂದು ಉದ್ಯಾನ ಮಾಡಿದ್ದಾರೆ. ಆ ಇಡೀ ವಿಮಾನ ನಿಲ್ದಾಣವೇ ಒಂದು ಕೆರೆಯಂಗಳ. ಹಾರ್ಲೆಮ್ಮರ್‌ಮೇರ್ ಅನ್ನೋ ದೊಡ್ಡ ಕೆರೆಯ ನೀರನ್ನು 1852ರ ಹೊತ್ತಿಗೆ ಪಂಪು ಮಾಡಿ ಖಾಲಿ ಮಾಡಿದರು. ನಮ್ಮ ಧರ್ಮಾಂಬುಧಿ ಕೆರೆಯಲ್ಲಿ ಮೆಜೆಸ್ಟಿಕ್ ಬಸ್ ಸ್ಟ್ಯಾಂಡ್ ಎದ್ದ ಹಾಗೆ. ಸಮುದ್ರ ಮಟ್ಟಕ್ಕಿಂತ ಸುಮಾರು ಮೂರು ಮೀಟರ್ ಕೆಳಗೆ ನಿಂತು ನಾವು ಹಾರೋಕೆ ತಯಾರಾಗುತ್ತೇವೆ.)

ಹಾರಾಟದ ಬಗ್ಗೆ ಹೇಳೋಕೆ ಜಾಸ್ತಿ ಏನಿಲ್ಲ. ಏರಿತು, ಕಾಫಿ ಕೊಟ್ಟರು, ಲೋಟ ವಾಪಸ್ ಕೇಳಿದರು. ಲಂಡನ್ ಹತ್ತಿರ ಬಂದ ಮೇಲೆ ಎಸೆಕ್ಸ್ ಮೇಲೆ ಸುತ್ತು ಹೊಡೆಯೋಕೆ ಶುರು. ಹೀಥ್ರೋ ಸುತ್ತ ಹೀಗೆ ಕಾಯುವ ಜಾಗಗಳು ನಾಲ್ಕಿವೆ. ಪೂರ್ವದಿಂದ ಬರುವವರಿಗೆ ಸಿಗೋದು ಲ್ಯಾಂಬೋರ್ನ್. ಒಂದರ ಮೇಲೊಂದು ಸಾವಿರ ಸಾವಿರ ಅಡಿ ಬಿಟ್ಟು ವಿಮಾನಗಳು ಸುತ್ತುತ್ತಿರುತ್ತವೆ, ಟಿಫಿನ್ ಕ್ಯಾರಿಯರಿನ ಡಬ್ಬಿಗಳ ಹಾಗೆ. ಕೆಳಗಿನ ಡಬ್ಬಿ ಹೊರಟರೆ ಮೇಲಿನದು ಒಂದು ಮೆಟ್ಟಿಲು ಇಳಿಯುತ್ತದೆ. ಒಂದು ಸುತ್ತಿಗೆ ನಾಲ್ಕು ನಿಮಿಷ. ನಾವು ಎರಡು ಸುತ್ತು ಹೊಡೆದೆವು. ಆಗಷ್ಟೇ ಬೆಳಕು ಹರಿಯುತ್ತಿತ್ತು. ಮೋಡದ ಅಂಚಿನ ಕೆಂಪು ನನ್ನ ಕಿಟಕಿಗೆ ಬಂತು, ಹಿಂದೆ ಸರಿಯಿತು, ಮತ್ತೆ ಬಂತು. ಒಂದೇ ದಿನ ಎರಡು ಸಲ ಬೆಳಗಾದ ಹಾಗೆ. ಚೆನ್ನಾಗಿತ್ತು. ಕೆಳಗೆ ಎಲ್ಲೋ ಅಮ್ಮ ಕಿಟಕಿ ಹತ್ತಿರ ನಿಂತು ಇದರಲ್ಲಿ ಯಾವುದು ನನ್ನದು ಅಂತ ನೋಡುತ್ತಿರಬಹುದು ಅಂದುಕೊಂಡೆ. ಅವಳು ಆಗ ರವೆ ಹುರಿಯುತ್ತಿದ್ದಳಂತೆ.

ಇಳಿದೆ. ಮುಂದಿನದು ಗೊತ್ತಿರೋದೇ ಅಲ್ವಾ. ನಮ್ಮ ನೀಲಿ ಪಾಸ್‌ಪೋರ್ಟಿಗೆ ತಾನಾಗಿ ತೆರೆಯುವ ಗೇಟು ಇಲ್ಲ. ಉದ್ದ ಸಾಲು, ಹಾವಿನ ಹಾಗೆ ಸುತ್ತಿದ ಹಗ್ಗ, ಯಾರನ್ನು ನೋಡೋಕೆ ಬಂದಿದ್ದು, ಎಷ್ಟು ದಿನ, ಎಲ್ಲಿ ಕೆಲಸ. ಹೊರಗೆ ಬಂದು ಹ್ಯಾರೋಗೆ ಹೋಗೋ ಕೆಂಪು ಬಸ್ಸು ಹಿಡಿದು, ಇಳಿದು, ಚಳಿಯಲ್ಲಿ ಹತ್ತು ನಿಮಿಷ ನಡೆದು ಬೆಲ್ ಒತ್ತಿದಾಗ ಅಲ್ಲಿನ ಗಡಿಯಾರದಲ್ಲಿ ಹತ್ತೂವರೆ. ನನ್ನ ಮೈಯಲ್ಲಿ ಹನ್ನೊಂದೂವರೆ. ಮನೆ ಬಿಟ್ಟು ಸರಿಯಾಗಿ ಏಳು ಗಂಟೆ.

ಬಾಗಿಲು ತೆರೆದ ಅಮ್ಮ ಮೇಲಿಂದ ಕೆಳಗೆ ನೋಡಿದಳು. "ಏನೋ, ನಡ್ಕೊಂಡು ಬಂದ್ಯಾ?"

ಉಪ್ಪಿಟ್ಟು ಆರಿ ಗಟ್ಟಿಯಾಗಿತ್ತು. ಅದನ್ನೇ ತಿಂದೆ. 370 ಕಿಲೋಮೀಟರನ್ನು ಏಳು ಗಂಟೆಯಿಂದ ಭಾಗಿಸಿದರೆ ಗಂಟೆಗೆ ಸುಮಾರು 53 ಕಿಲೋಮೀಟರ್. ಬೆಂಗಳೂರು–ಮಂಗಳೂರು ರಾತ್ರಿ ಬಸ್ಸಿನ ವೇಗ. ಅದರಲ್ಲಾದರೆ ಹಾಸನದಲ್ಲಿ ಇಳಿದು ಒಂದು ಟೀ ಕುಡಿಯಬಹುದು.

ಹತ್ತಿರ ಅಂತಲೇ ಹೋಗಲಿಲ್ಲ

ಆಗ ಹೋದವನು ನಾಲ್ಕು ದಿನ ಇದ್ದು ಬಂದೆ. ಮತ್ತೆ ಹೋಗಿದ್ದು ಮಾರ್ಚಿನಲ್ಲಿ. ನಡುವಿನ ಮೂರು ತಿಂಗಳು ಏನು ಮಾಡಿದೆ ಅಂತ ಕೇಳಿದರೆ ಉತ್ತರ ನಾಚಿಕೆಯದು. ಏನೂ ಇಲ್ಲ. ಪ್ರತಿ ವಾರ ಫೋನಿನಲ್ಲಿ ಮುಂದಿನ ವಾರ ನೋಡ್ತೀನಿ ಅಂತಿದ್ದೆ. ಮುಕ್ಕಾಲು ಗಂಟೆ ತಾನೇ, ಯಾವಾಗ ಬೇಕಾದರೂ ಹೋಗಬಹುದು. ಅಮ್ಮ ಮೈಸೂರಿನಲ್ಲಿ ಇದ್ದಾಗ ವರ್ಷಕ್ಕೊಮ್ಮೆ ಆರು ತಿಂಗಳು ಮೊದಲೇ ಟಿಕೆಟ್ ಮಾಡಿಸುತ್ತಿದ್ದೆ. ರಜೆ ಬರೆದು ಕೊಡುತ್ತಿದ್ದೆ. ಸೂಟ್‌ಕೇಸ್ ತೂಕ ನೋಡುತ್ತಿದ್ದೆ. ಎಂಟು ಸಾವಿರ ಕಿಲೋಮೀಟರಿಗೆ ಅಷ್ಟೊಂದು ಮರ್ಯಾದೆ. 370ಕ್ಕೆ ಏನೂ ಇಲ್ಲ. ಮನೆ ಪಕ್ಕದ ದೇವಸ್ಥಾನಕ್ಕೆ ಹೋಗದೆ ತಿರುಪತಿಗೆ ಹೋಗುವವರನ್ನು ನೋಡಿ ನಗುತ್ತಿದ್ದವನು ನಾನು.

ಅಮ್ಮನೇ ಇಲ್ಲಿಗೆ ಬರಬಹುದಿತ್ತಲ್ಲ ಅಂತ ಎಲ್ಲರೂ ಕೇಳುತ್ತಾರೆ. ಅವಳ ಹತ್ತಿರ ಇದ್ದಿದ್ದು ಬ್ರಿಟನ್ ವೀಸಾ ಒಂದೇ. ಬ್ರಿಟನ್ ಯಾವತ್ತೂ ಷೆಂಗೆನ್ ಒಳಗೆ ಇರಲಿಲ್ಲ, ಬ್ರೆಕ್ಸಿಟ್‌ಗೂ ಅದಕ್ಕೂ ಸಂಬಂಧ ಇಲ್ಲ. ಇಲ್ಲಿಗೆ ಬರಬೇಕಾದರೆ ಷೆಂಗೆನ್ ವೀಸಾ ಬೇರೆ, ಅದನ್ನು ಊರಿನಲ್ಲಿ ಇರುವಾಗಲೇ ಮಾಡಿಸಬೇಕಿತ್ತು. ಮಾಡಿಸೋದು ನನ್ನ ಕೆಲಸ. ನನಗೆ ಹೊಳೆಯಲೇ ಇಲ್ಲ. ನಾನು ಹೋಗುವುದಕ್ಕೂ ಬ್ರಿಟನ್ ವೀಸಾ ಬೇಕಿತ್ತು. ಅರ್ಜಿ ತುಂಬಿ, ಬೆರಳಚ್ಚು ಕೊಟ್ಟು, ಸಾಮಾನ್ಯವಾಗಿ ಮೂರು ವಾರ ಕಾಯಬೇಕು. ನನ್ನ ಡಚ್ ಸಹೋದ್ಯೋಗಿಗೆ ಲಂಡನ್ ಮುಕ್ಕಾಲು ಗಂಟೆ. ಬೆಳಗ್ಗೆ ಹೋಗಿ ಮೀಟಿಂಗ್ ಮುಗಿಸಿ ಸಂಜೆ ಮಗಳ ಹಾಕಿ ಆಟ ನೋಡೋಕೆ ಬರುತ್ತಾರೆ. ನನಗೆ ಮೂರು ವಾರ ಮತ್ತು ಮುಕ್ಕಾಲು ಗಂಟೆ. ಅಮ್ಮನಿಗೆ ದಾರಿಯೇ ಇಲ್ಲ. ಊರು ಅದೇ, ಸಮುದ್ರ ಅದೇ.

ನಮ್ಮ ಹಳಬರ ಅಳತೆಗಳನ್ನು ನೆನೆದರೆ ಅವರೇ ಜಾಣರು ಅನ್ನಿಸುತ್ತದೆ. ಕೂಗಳತೆ ಅಂದರೆ ಕೂಗಿದರೆ ಕೇಳಬೇಕು. ಹರದಾರಿ ಅಂದರೆ ಮೂರು ಮೈಲಿ, ಗಾವುದ ಅಂದರೆ ಹನ್ನೆರಡು. ನಡೆಯುವವನ ಕಾಲಿಗೆ ಗೊತ್ತಾಗೋ ಲೆಕ್ಕ. ನಮ್ಮಜ್ಜಿ ಇನ್ನೂ ಮುಂದೆ ಹೋಗಿ, "ಒಂದು ಬುತ್ತಿ ದಾರಿ, ಎರಡು ಬುತ್ತಿ ದಾರಿ" ಅನ್ನುತ್ತಿದ್ದಳು. ದಾರಿಯಲ್ಲಿ ಎಷ್ಟು ಸಲ ಗಂಟು ಬಿಚ್ಚಿ ಉಣ್ಣಬೇಕು ಅಂತ. ಆ ಲೆಕ್ಕದಲ್ಲಿ ಹ್ಯಾರೋ ನನ್ನ ಮನೆಯಿಂದ ಪಕ್ಕಾ ಒಂದು ಬುತ್ತಿ ದಾರಿ.

ಇಪ್ಪತ್ತು ನಿಮಿಷದ ಕಾಲ

ಈ ದಾರಿಯ ಚರಿತ್ರೆ ಓದುವಾಗ ಒಂದು ವಿಷಯ ಸಿಕ್ಕಿತು. ಡಚ್ಚರ ವಿಮಾನ ಕಂಪನಿ ಕೆಎಲ್‌ಎಂ ಶುರುವಾಗಿದ್ದು 1919ರಲ್ಲಿ. ಅದರ ಮೊಟ್ಟಮೊದಲ ವಿಮಾನ ಹಾರಿದ್ದು 1920ರ ಮೇ 17ರಂದು, ಇದೇ ದಾರಿಯಲ್ಲಿ, ಲಂಡನ್ನಿನ ಕ್ರಾಯ್ಡನ್‌ನಿಂದ ಸ್ಕಿಫೋಲ್‌ಗೆ. ಬಾಡಿಗೆಗೆ ತಂದ ಒಂದು ಡಿ ಹ್ಯಾವಿಲೆಂಡ್ ವಿಮಾನ. ಓಡಿಸಿದವರು ಜೆರಿ ಶಾ. ಒಳಗೆ ಇಬ್ಬರು ಪತ್ರಕರ್ತರು, ಒಂದಿಷ್ಟು ದಿನಪತ್ರಿಕೆ, ಲಂಡನ್ ಮೇಯರ್ ಆಮ್‌ಸ್ಟರ್‌ಡ್ಯಾಮ್ ಮೇಯರಿಗೆ ಬರೆದ ಒಂದು ಕಾಗದ. ನೂರು ವರ್ಷ ದಾಟಿದ ದಾರಿ ಇದು.

ಅವತ್ತು ಎರಡು ಊರಿನ ಗಡಿಯಾರಗಳ ನಡುವೆ ಇದ್ದ ಅಂತರ ಒಂದು ಗಂಟೆ ಅಲ್ಲ, 19 ನಿಮಿಷ 32 ಸೆಕೆಂಡ್! ನೆದರ್ಲೆಂಡ್ಸ್‌ನಲ್ಲಿ ಆಗ ಆಮ್‌ಸ್ಟರ್‌ಡ್ಯಾಮಿನ ವೆಸ್ಟರ್ ಚರ್ಚಿನ ಗೋಪುರದ ಮೇಲೆ ಸೂರ್ಯ ಬರುವ ಹೊತ್ತೇ ಇಡೀ ದೇಶದ ಹೊತ್ತು. 1937ರಲ್ಲಿ ಅದನ್ನು ಸುಲಭ ಆಗಲಿ ಅಂತ 20 ನಿಮಿಷ ಮಾಡಿದರು. 1940ರ ಮೇ ತಿಂಗಳಲ್ಲಿ ಜರ್ಮನರು ದೇಶ ಹಿಡಿದ ಕೂಡಲೇ ಗಡಿಯಾರಗಳನ್ನು ಬರ್ಲಿನ್ ಹೊತ್ತಿಗೆ ತಿರುಗಿಸಿದರು. ಯುದ್ಧ ಮುಗಿಯಿತು, ಜರ್ಮನರು ಹೋದರು, ಗಡಿಯಾರ ಹಾಗೇ ಉಳಿಯಿತು. ಸೂರ್ಯನನ್ನು ಕೇಳಿದರೆ ಈಗಲೂ ಈ ಎರಡು ಊರಿಗೆ ಇರೋ ವ್ಯತ್ಯಾಸ ಇಪ್ಪತ್ತೇ ನಿಮಿಷ. ಮೈಸೂರಿನ ಸೂರ್ಯ ನಮ್ಮ ದೇಶದ ಗಡಿಯಾರಕ್ಕಿಂತ ಹೆಚ್ಚುಕಡಿಮೆ ಒಂದು ಗಳಿಗೆ, ಅಂದರೆ 24 ನಿಮಿಷ ಹಿಂದಿರುತ್ತಾನೆ. ಹೆಚ್ಚುಕಡಿಮೆ ಅಷ್ಟೇ.

ಇದನ್ನು ಅಮ್ಮನಿಗೆ ಹೇಳಿದೆ. ಅವಳಿಗೆ ಜರ್ಮನರ ಭಾಗ ಬೇಡವಾಗಿತ್ತು. "ಅದಕ್ಕೇ ಟಿಕೆಟ್ಟಲ್ಲಿ ಇಪ್ಪತ್ತು ನಿಮಿಷ ಅಂತ ಬರ್ದಿದ್ದು ಅನ್ನು" ಅಂದಳು. ಅದು ಬೇರೆ ಇಪ್ಪತ್ತು ಅಂತ ವಿವರಿಸೋಕೆ ಹೋಗಲಿಲ್ಲ.

ಗೊಜ್ಜು ಮತ್ತು ತುಪ್ಪ

ಮಾರ್ಚಿನಲ್ಲಿ ರೈಲಿನಲ್ಲಿ ಹೋದೆ. ಟ್ರಾಮ್, ಮೆಟ್ರೋ ಹಿಡಿದು ಆಮ್‌ಸ್ಟರ್‌ಡ್ಯಾಮ್ ಸೆಂಟ್ರಾಲ್, ಅಲ್ಲಿಂದ ಯೂರೋಸ್ಟಾರ್. ಲಂಡನ್ನಿಗೆ ಸುಮಾರು ನಾಲ್ಕು ಗಂಟೆ. ತಮಾಷೆ ಅಂದರೆ ಬ್ರಿಟಿಷ್ ಅಧಿಕಾರಿ ಆಮ್‌ಸ್ಟರ್‌ಡ್ಯಾಮಿನಲ್ಲೇ ಕೂತಿರುತ್ತಾರೆ. ಮುದ್ರೆ ಒತ್ತಿಸಿಕೊಂಡು ಎರಡು ಹೆಜ್ಜೆ ಇಟ್ಟರೆ ಕಾಗದದ ಮೇಲೆ ನೀವು ಬ್ರಿಟನ್ನಿಗೆ ಹೋಗಿ ಆಯ್ತು, ಕಾಲು ಇನ್ನೂ ಡಚ್ ನೆಲದ ಮೇಲೆ. ಆಮೇಲೆ ರೈಲು ಬೆಲ್ಜಿಯಂ, ಫ್ರಾನ್ಸ್ ದಾಟಿ ಸುರಂಗಕ್ಕೆ ನುಗ್ಗುತ್ತದೆ. 50 ಕಿಲೋಮೀಟರ್ ಉದ್ದ, ಅದರಲ್ಲಿ 38 ಸಮುದ್ರದ ತಳದ ಕೆಳಗೆ. 1994ರಲ್ಲಿ ತೆರೆದದ್ದು. ಇಪ್ಪತ್ತು ನಿಮಿಷ ಕಿಟಕಿಯಲ್ಲಿ ನಿಮ್ಮದೇ ಮುಖ. ಹೊರಗೆ ಬಂದರೆ ಇಂಗ್ಲೆಂಡ್. ಸೇಂಟ್ ಪ್ಯಾಂಕ್ರಾಸ್‌ನಲ್ಲಿ ಇಳಿದು, ಕೆಳಗೆ ಹೋಗಿ ಮೆಟ್ರೋಪಾಲಿಟನ್ ಲೈನ್ ಹತ್ತಿದರೆ ನೇರ ಹ್ಯಾರೋ.

ಮನೆಯಿಂದ ಮನೆಗೆ ಆರೂವರೆ ಗಂಟೆ. ಅಂದರೆ ಮುಕ್ಕಾಲು ಗಂಟೆಯ ವಿಮಾನಕ್ಕಿಂತ ನಾಲ್ಕು ಗಂಟೆಯ ರೈಲು ಅರ್ಧ ಗಂಟೆ ಮೊದಲೇ ಮುಟ್ಟಿಸಿತು. ಆದರೆ ನನಗೆ ನೆನಪಿರೋದು ಆ ಅರ್ಧ ಗಂಟೆಯ ಉಳಿತಾಯ ಅಲ್ಲ. ವಿಮಾನದ ದಿನದ ಏಳು ಗಂಟೆ ದರ್ಜಿ ಅಂಗಡಿಯ ನೆಲದ ಮೇಲೆ ಬಿದ್ದ ಚಿಂದಿಗಳ ಹಾಗಿತ್ತು. ಹದಿನೈದು ನಿಮಿಷ ಇಲ್ಲಿ ನಿಲ್ಲು, ಇಪ್ಪತ್ತು ನಿಮಿಷ ಅಲ್ಲಿ ಕೂರು, ಬೆಲ್ಟು ಬಿಚ್ಚು, ಬೆಲ್ಟು ಹಾಕು. ಯಾವ ತುಂಡಿನಿಂದಲೂ ಒಂದು ಕರವಸ್ತ್ರ ಆಗುವುದಿಲ್ಲ. ರೈಲಿನದು ಒಂದೇ ಹಾಸು. ಓದಿದೆ, ಮಲಗಿದೆ, ಚಪಾತಿ ಬಿಚ್ಚಿ ತಿಂದೆ.

ಬರುವಾಗ ಅಮ್ಮ ಪುಳಿಯೋಗರೆ ಗೊಜ್ಜು ಕಟ್ಟಿಕೊಟ್ಟಳು. ಡಿಸೆಂಬರಿನಲ್ಲೂ ಕೊಟ್ಟಿದ್ದಳು. ಆಗ ತಪಾಸಣೆಯವರು ಡಬ್ಬಿಯನ್ನು ಬೆಳಕಿಗೆ ಹಿಡಿದು ನೋಡಿ, ಇದು ದ್ರವ ಅಂತ ತೀರ್ಮಾನಿಸಿ, 100 ಮಿಲಿಗಿಂತ ಜಾಸ್ತಿ ಇದೆ ಅಂತ ಬುಟ್ಟಿಗೆ ಹಾಕಿದ್ದರು. ಒಂದು ಮಧ್ಯಾಹ್ನವಿಡೀ ಹುಣಸೆ ರಸ ಕುದಿಸಿ ಗಟ್ಟಿ ಮಾಡಿದ್ದಳು ಅಮ್ಮ. ದ್ರವ ಅಂದರೆ ಅವಳಿಗೆ ಅವಮಾನ. ರೈಲಿನಲ್ಲಿ ಆ ನಿಯಮ ಇಲ್ಲ. ಗೊಜ್ಜು ಸಲೀಸಾಗಿ ಸಮುದ್ರದ ಕೆಳಗೆ ಹೋಯಿತು. ಆದರೆ ತುಪ್ಪ ಹೋಗಲಿಲ್ಲ. ಬ್ರೆಕ್ಸಿಟ್ ಆದ ಮೇಲೆ ಬ್ರಿಟನ್ನಿನಿಂದ ಯೂರೋಪಿಗೆ ಹಾಲಿನ ಪದಾರ್ಥ, ಮಾಂಸ ತರುವ ಹಾಗಿಲ್ಲ. 2021ರ ಶುರುವಿನಲ್ಲಿ ಹಡಗಿನಿಂದ ಇಳಿದ ಲಾರಿ ಡ್ರೈವರುಗಳ ಹ್ಯಾಮ್ ಸ್ಯಾಂಡ್‌ವಿಚ್‌ಗಳನ್ನು ಡಚ್ ಸುಂಕದವರು ಕಿತ್ತುಕೊಂಡಿದ್ದು ಟಿವಿಯಲ್ಲಿ ಬಂದು ದೊಡ್ಡ ನಗೆಪಾಟಲಾಗಿತ್ತು. ಅಮ್ಮ ಬೆಣ್ಣೆ ಕಾಯಿಸಿ ಬಾಟಲಿಗೆ ತುಂಬಿ ಇಟ್ಟಿದ್ದನ್ನು ಟೇಬಲ್ ಮೇಲೇ ಬಿಟ್ಟು ಬಂದೆ.

"ನೀನು ಬರಬಹುದು, ಗೊಜ್ಜು ಬರಬಹುದು, ತುಪ್ಪ ಬರಬಾರದು, ನಾನು ಬರಬಾರದು" ಅಂತ ಅಮ್ಮ ಬೆರಳು ಮಡಚಿದಳು. ಬೈದಿದ್ದಲ್ಲ. ಸುಮ್ನೆ ಲೆಕ್ಕ ಇಟ್ಟುಕೊಂಡಿದ್ದು.

ಏಪ್ರಿಲ್

ಏಪ್ರಿಲಿನಲ್ಲಿ ಅಮ್ಮ ವಾಪಸ್ ಹೊರಟಳು. ಬೀಳ್ಕೊಡೋಕೆ ಹೋಗಬೇಕಿತ್ತು. ಆ ವಾರ ಆಫೀಸಿನಲ್ಲಿ ಏನೋ ಇತ್ತು. ಏನು ಅಂತ ಈಗ ನೆನಪಿಲ್ಲ, ಅಷ್ಟು ಮುಖ್ಯವಾದದ್ದು. ಅಕ್ಕ ಹತ್ತಿಸಿ ಬಂದು ಮೆಸೇಜ್ ಹಾಕಿದಳು. ನಾನು ಫೋನಿನಲ್ಲಿ ವಿಮಾನಗಳ ನಕ್ಷೆ ತೆರೆದು ಅವಳ ವಿಮಾನ ಹುಡುಕಿದೆ. ಹಳದಿ ಬಣ್ಣದ ಪುಟ್ಟ ಗೊಂಬೆ. ಹೀಥ್ರೋದಿಂದ ಎದ್ದು ಪೂರ್ವಕ್ಕೆ ತಿರುಗಿತು. ಥೇಮ್ಸ್ ನದಿ ಸಮುದ್ರ ಸೇರೋ ಜಾಗ ದಾಟಿತು. ಸಮುದ್ರದ ಮೇಲೆ ಬಂತು. ನಾನು ಮೀಟಿಂಗ್ ಬಿಟ್ಟು ಬಾಲ್ಕನಿಗೆ ಹೋದೆ. ರಾಟರ್‌ಡ್ಯಾಮಿನ ಕಡೆಯಿಂದ, ನಮ್ಮ ಮನೆಗೆ ಸ್ವಲ್ಪ ದಕ್ಷಿಣಕ್ಕೆ ಅದು ಹಾದು ಹೋಗುತ್ತಿತ್ತು. ಮೇಲೆ ನೋಡಿದೆ. ಬೂದು ಮೋಡ. ಏನೂ ಕಾಣಲಿಲ್ಲ, ಸದ್ದೂ ಕೇಳಲಿಲ್ಲ. ಫೋನಿನಲ್ಲಿ ಗೊಂಬೆ ಜರ್ಮನಿಯ ಕಡೆ ಸರಿಯಿತು.

ಮರುದಿನ ಮೈಸೂರಿನಿಂದ ಫೋನ್ ಬಂತು. ಪ್ರಯಾಣ ಹೇಗಾಯ್ತು, ಊಟ ಕೊಟ್ಟರಾ, ನಿದ್ದೆ ಬಂತಾ ಅಂತೆಲ್ಲ ಕೇಳಿದೆ. ಊಟದಲ್ಲಿ ಉಪ್ಪಿಲ್ಲ ಅಂದಳು. ಪಕ್ಕದವರು ಮಂಡ್ಯದವರಂತೆ, ಒಳ್ಳೆ ಜನ ಅಂದಳು. ಆಮೇಲೆ ಅವಳೇ ಶುರು ಮಾಡಿದಳು.

"ಮುಂದಿನ ಸೀಟಿನ ಬೆನ್ನಲ್ಲಿ ಟಿವಿ ಇರತ್ತಲ್ಲ, ಅದ್ರಲ್ಲಿ ನಕ್ಷೆ ಹಾಕಿ ಕೊಟ್ರು ಆ ಮಂಡ್ಯದ ಹುಡುಗಿ. ವಾಚು ನೋಡ್ಕೊಂಡೇ ಇದ್ದೆ. ಮೇಲಕ್ಕೆ ಎದ್ದು ನಲವತ್ತು ನಿಮಿಷಕ್ಕೆ ನಿಮ್ಮೂರಿನ ಹೆಸ್ರು ಬಂತು ಕಣೋ. ನೀನು ಹೇಳಿದ್ದು ನಿಜಾನೇ."